‘ಮರುಳು ಹಿಡಿದಿದೆ’ ಎಂಬ ಮಾತನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಪ್ರಶ್ನೆ:
ನಮ್ಮ ಅಜ್ಜ ತಮ್ಮ ಅಣ್ಣನಿಗೆ ಬರೆದ ಹಳೆಯ ಕಾಗದವೊಂದರಲ್ಲಿ ‘ತಂಗಿಗೆ ಮರುಳು ಹಿಡಿದಿದೆ, ರಾತ್ರಿಯೆಲ್ಲ ಎದ್ದು ಕೂತಿರುತ್ತಾಳೆ’ ಎಂಬ ಸಾಲಿದೆ. ಮರುಳಾಗುವುದೆಂದರೆ ಮನಸೋಲುವುದು ಎಂದಷ್ಟೇ ತಿಳಿದಿದ್ದ ನಾನು, ಆಕೆ ಯಾರನ್ನೋ ಮೆಚ್ಚಿಕೊಂಡಿರಬೇಕು ಎಂದುಕೊಂಡೆ. ಮನೆಯ ಹಿರಿಯರು ಅದು ಹುಚ್ಚು ಎನ್ನುತ್ತಾರೆ. ಯಾವುದು ಸರಿ?

ಉತ್ತರ 1:
ಹಿರಿಯರ ಮಾತೇ ಸರಿ, ಅದಕ್ಕೆ ಕ್ರಿಯಾಪದವೇ ಸಾಕ್ಷಿ. ‘ಮರುಳಾದಳು’ ಎಂದಿದ್ದರೆ ನಿಮ್ಮ ಊಹೆಗೆ ಎಡೆಯಿತ್ತು; ಆದರೆ ಕನ್ನಡದಲ್ಲಿ ‘ಹಿಡಿಯುವುದು’ ದೆವ್ವ, ಶನಿ, ಹುಚ್ಚು, ಅಂದರೆ ಮನುಷ್ಯನ ಇಚ್ಛೆಯನ್ನು ಕೇಳದೆ ಮೇಲೆರಗುವಂಥವು. ಹಳಗನ್ನಡದ ‘ಮರುಳ್’ ಎಂಬುದಕ್ಕೆ ಭ್ರಾಂತಿ, ಹುಚ್ಚು ಎಂಬ ಅರ್ಥಗಳ ಜೊತೆಗೆ ಪಿಶಾಚಿ ಎಂಬ ಅರ್ಥವೂ ಇತ್ತು. ಕಾವ್ಯಗಳ ರಣರಂಗದಲ್ಲಿ ಹೆಣಗಳ ನಡುವೆ ಕುಣಿಯುವ ಮರುಳುಗಳು ಇವೇ. ಕಾಯಿಲೆಗೂ ಅದನ್ನು ತಂದಿತೆಂದು ನಂಬಿದ ಭೂತಕ್ಕೂ ಒಂದೇ ಹೆಸರಿದ್ದುದು ನನಗೆ ಬಹಳ ಮುಖ್ಯವೆನಿಸುತ್ತದೆ. ತಮಿಳಿನ ‘ಮರುಳ್’ ಮನಸ್ಸಿನ ಗೊಂದಲವನ್ನೂ ತೆಲುಗಿನ ‘ಮರುಲು’ ಮೋಹವನ್ನೂ ಸೂಚಿಸುತ್ತವೆ.

ಉತ್ತರ 2:
ಕಾಯಿಲೆಯ ಅರ್ಥ ಈ ಪದದಿಂದ ಜಾರಿ ‘ಹುಚ್ಚು’ ಎಂಬುದಕ್ಕೆ ಸೇರಿಹೋಯಿತು. ಬೆಂಗಳೂರಿನ ಹಳೆಯ ಆಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದ ಮೇಲೂ ಜನ ಅದನ್ನು ಹುಚ್ಚಾಸ್ಪತ್ರೆ ಎಂದೇ ಕರೆದರು; ‘ಮರುಳಾಸ್ಪತ್ರೆ’ ಎಂದು ಯಾರೂ ಅಂದಂತಿಲ್ಲ. ಇಂದು ‘ಜನ ಮರುಳೋ ಜಾತ್ರೆ ಮರುಳೋ’ ಎನ್ನುವಾಗ ಯಾರ ಮನಸ್ಸಿಗೂ ರೋಗ ಬರುವುದಿಲ್ಲ. ಮರುಳಸಿದ್ಧ, ಮರುಳಶಂಕರದೇವ ಎಂಬ ಶರಣರ ಹೆಸರುಗಳಲ್ಲಂತೂ ಅದು ಲೋಕದ ಹಂಗು ತೊರೆದ ಭಕ್ತಿಯ ಪರವಶತೆ. ಅಜ್ಜನವರು ತಂಗಿಯ ವಿಷಯದಲ್ಲಿ ಬೇಕೆಂದೇ ಈ ಮೆತ್ತನೆಯ ಪದವನ್ನು ಆರಿಸಿಕೊಂಡಿರಬಹುದು.

ಉತ್ತರ 3:
ಮೇಲಿನ ಉತ್ತರಕ್ಕೊಂದು ತಿದ್ದುಪಡಿ. ಹುಚ್ಚಪ್ಪ, ಹುಚ್ಚಮ್ಮ ಎಂದೂ ನಮ್ಮವರು ಮಕ್ಕಳಿಗೆ ಹೆಸರಿಡುತ್ತಿದ್ದರು. ‘ಹುಚ್ಚು’ ಎಂಬುದು ಮೊದಲಿನಿಂದಲೂ ಬೈಗುಳವಾಗಿರಲಿಲ್ಲ, ಆದ್ದರಿಂದ ಅಜ್ಜನವರು ಅದನ್ನು ಬೇಕೆಂದೇ ತಪ್ಪಿಸಿದರು ಎನ್ನಲಾಗದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಅದೇ ಕಾಗದದ ಕೊನೆಯಲ್ಲಿ ‘ತಾಯಿತ ಕಟ್ಟಿಸಿದ್ದಾಯಿತು, ನಿದ್ದೆ ಮಾತ್ರ ಬಂದಿಲ್ಲ’ ಎಂದಿದೆ. ಅದು ಬೇರೆ ಯಾರ ಕುರಿತೋ ಇರಬೇಕೆಂದು ಬಿಟ್ಟಿದ್ದೆ. ಈಗ ನೋಡಿದರೆ ಅದೂ ಆಕೆಯ ಕುರಿತ ಮಾತೇ. ಕಾಗದವನ್ನು ನಕಲು ಮಾಡುವಾಗ ‘ಮರುಳು’ ಎಂಬುದನ್ನು ಬದಲಿಸದೆ ಹಾಗೆಯೇ ಉಳಿಸಿ, ಅದರ ಅರ್ಥವನ್ನು ಪಕ್ಕದಲ್ಲಿ ಬರೆಯುತ್ತೇನೆ.