ಜೂನ್‌ನಲ್ಲಿ ಕಳವು, ಜುಲೈನಲ್ಲಿ ಎಫ್‌ಐಆರ್: ಯಾವ ಕಾನೂನು ಹಿಡಿಯಬೇಕು?

ಶಿರಸಿ ಜೂನಿಯರ್:
ಹಿರಿಯರಲ್ಲಿ ಒಂದು ಸಂಶಯ. ಕುಮಟಾ ಕಡೆಯ ತೋಟವೊಂದರಲ್ಲಿ ತೆಂಗಿನಕಾಯಿ ಕಳವು. ನಡೆದದ್ದು 2024ರ ಜೂನ್ 24ಕ್ಕೆ, ದೂರು ಕೊಟ್ಟದ್ದು ಜುಲೈ 3ಕ್ಕೆ. ಮಾಲಿನ ಕಿಮ್ಮತ್ತು 4,200 ರೂ. ಎಫ್‌ಐಆರ್‌ನಲ್ಲಿ ಬಿಎನ್‌ಎಸ್ 303(2) (ಹೊಸ ಭಾರತೀಯ ನ್ಯಾಯ ಸಂಹಿತೆಯ ಕಳವಿನ ಕಲಂ) ಹಾಕಿದ್ದಾರೆ. ಕಾನೂನಿಗೆ ಪೂರ್ವಾನ್ವಯ ಇಲ್ಲ, ಅಂದರೆ ಹಿಂದೆ ನಡೆದದ್ದಕ್ಕೆ ಅದು ತಗಲುವುದಿಲ್ಲ, ಎಂಬ ಪ್ರಿಸಂಪ್ಷನ್ (ಕೋರ್ಟ್ ಮೊದಲೇ ಹಿಡಿಯುವ ಊಹೆ) ಹಿಡಿದು ಎಫ್‌ಐಆರ್ ರದ್ದು ಮಾಡಿಸಬಹುದೇ? ಅಥವಾ ಆರೋಪಿಗೆ ಹೊಸ ಕಾನೂನೇ ಅನುಕೂಲವಾದರೆ ಅದನ್ನೇ ಕೇಳಬಹುದೇ?

ಕೋಡಿಬಾಗ ವಕೀಲ:
ಪ್ರಿಸಂಪ್ಷನ್ ಕೊನೆಗೆ ತೆಗೆಯುವ ಅಸ್ತ್ರ. ಶಾಸನ ಬಾಯಿ ಬಿಡದಿದ್ದಾಗ ಮಾತ್ರ ಅದರ ಕೆಲಸ. ಇಲ್ಲಿ ಶಾಸನವೇ ಮಾತಾಡಿದೆ, ಮೊದಲು ಉಳಿಕೆ ಕಲಂ (ರದ್ದಾದ ಕಾನೂನಿನಡಿ ಆದದ್ದನ್ನು ಉಳಿಸುವ ಕಲಂ) ಓದಿ.

ಅಪರಾಧ, ಶಿಕ್ಷೆ ಎರಡಕ್ಕೂ ಕೃತ್ಯದ ದಿನಾಂಕವೇ ಲೆಕ್ಕ. ಬಿಎನ್‌ಎಸ್ ಜಾರಿಯಾದದ್ದು 2024ರ ಜುಲೈ 1ಕ್ಕೆ. ಅದಕ್ಕೂ ಮೊದಲು ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) ಅಡಿ ತಗಲಿಕೊಂಡ ಹೊಣೆ, ದಂಡನೆಗಳನ್ನು ಬಿಎನ್‌ಎಸ್ 358 ಹಾಗೇ ಉಳಿಸಿದೆ. ಹಾಗಾಗಿ ನಿಮ್ಮ ಪ್ರಕರಣ ಐಪಿಸಿ 379. ಪ್ರಕ್ರಿಯೆಯ ದಾರಿ ಬೇರೆ. ಬಿಎನ್‌ಎಸ್‌ಎಸ್ (ಹೊಸ ಪ್ರಕ್ರಿಯಾ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 531(2) ಪ್ರಕಾರ ಜುಲೈ 1ರ ಮುಂಚೆ ಬಾಕಿಯಿದ್ದ ತನಿಖೆ, ವಿಚಾರಣೆ, ಅಪೀಲು ಮಾತ್ರ ಹಳೆಯ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿ ಪ್ರಕಾರ ಮುಂದುವರಿಯುತ್ತದೆ. ನಿಮ್ಮಲ್ಲಿ ತನಿಖೆ ಶುರುವಾದದ್ದೇ ಜುಲೈ 3ರ ನಂತರ, ಆದ್ದರಿಂದ ಬಿಎನ್‌ಎಸ್‌ಎಸ್. ಶೋಧ, ಜಪ್ತಿಗೆ ಕಲಂ 105ರ ಆಡಿಯೋ-ವಿಡಿಯೋ ದಾಖಲೆ ಬೇಕು. ಕಡತದಲ್ಲಿ ಅದು ಇದೆಯೇ ನೋಡಿ, ಹೊಸ ಪ್ರಕರಣಗಳಲ್ಲಿ ಹೆಚ್ಚಾಗಿ ಎಡವುವುದು ಅಲ್ಲೇ.

ಕಲಂ ತಪ್ಪಾಯ್ತು ಅಂತ ಎಫ್‌ಐಆರ್ ಬೀಳುವುದಿಲ್ಲ ಮಾರಾಯ್ರೇ. ಚಾರ್ಜ್‌ಶೀಟ್ ಹೊತ್ತಿಗೆ ಪೊಲೀಸರೇ ತಿದ್ದಬಹುದು, ಆಮೇಲೂ ಬಿಎನ್‌ಎಸ್‌ಎಸ್ ಕಲಂ 239ರಡಿ ಕೋರ್ಟ್ ಆರೋಪ ಬದಲಿಸಬಹುದು. ನ್ಯಾಯಕ್ಕೆ ಧಕ್ಕೆಯಾಗಿದೆ ಎಂದು ತೋರಿಸದೆ ಆರೋಪದ ದೋಷವನ್ನಷ್ಟೇ ಹಿಡಿದು ತೀರ್ಪು ರದ್ದು ಮಾಡಿಸಲು ಕಲಂ 510 ಬಿಡುವುದಿಲ್ಲ.

ಹೊನ್ನಾವರದವ:
ಎರಡನೇ ಪ್ರಶ್ನೆಯೇ ನಿಜವಾದ ಗಟ್ಟಿ ಪ್ರಶ್ನೆ. 303(2)ರ ಪರಂತುಕ (ಕಲಮಿಗೆ ಸೇರಿಸಿದ ವಿನಾಯಿತಿ) ಹೀಗಿದೆ: ಕದ್ದ ಮಾಲು 5,000 ರೂ.ಗಿಂತ ಕಡಿಮೆ, ಆರೋಪಿಗೆ ಇದು ಮೊದಲ ಶಿಕ್ಷೆ, ಮಾಲು ಅಥವಾ ಅದರ ಬೆಲೆ ವಾಪಸ್ಸು ಕೊಟ್ಟಾಗಿದೆ. ಈ ಮೂರೂ ಕೂಡಿದರೆ ಜೈಲಿಲ್ಲ, ಸಮುದಾಯ ಸೇವೆ ಅಷ್ಟೇ. ಐಪಿಸಿ 379ರಲ್ಲಿ ಮೂರು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶ.

ಸಂವಿಧಾನದ 20(1)ನೇ ವಿಧಿ ತಡೆಯುವುದು ಹೊಸ ಅಪರಾಧ, ಹೆಚ್ಚಿನ ಶಿಕ್ಷೆಗಳ ಪೂರ್ವಾನ್ವಯವನ್ನು. ಶಿಕ್ಷೆ ಇಳಿಸುವ ಕಾನೂನಿಗೆ ಅದು ಅಡ್ಡ ಬರುವುದಿಲ್ಲ. ರತನ್ ಲಾಲ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ವಿಚಾರಣಾ ಕೋರ್ಟ್ ಶಿಕ್ಷೆ ಕೊಟ್ಟ ಮೇಲೆ ಪ್ರೊಬೇಷನ್ ಕಾಯ್ದೆ (ಜೈಲಿನ ಬದಲು ಸನ್ನಡತೆಯ ಮೇಲೆ ಬಿಡುವ ಕಾನೂನು) ಆ ಜಿಲ್ಲೆಗೆ ಬಂತು. ಆದರೂ ಅದರ ಲಾಭವನ್ನು ಅಪೀಲಿನಲ್ಲಿ ಕೊಡಬಹುದು ಎಂದಿತು ಸುಪ್ರೀಂ ಕೋರ್ಟ್. ಇಳಿದ ಶಿಕ್ಷೆಯ ಲಾಭ ಆರೋಪಿಗೆ ಸಿಗಬೇಕೆಂದ 1982ರ ಟಿ. ಬರಾಯ್ ತೀರ್ಪನ್ನೂ ಜೊತೆಗಿಟ್ಟುಕೊಳ್ಳಿ. ಎದುರಿನವರು 358ನ್ನೇ ತೋರಿಸಿ ‘ತಗಲಿಕೊಂಡ ದಂಡನೆ ಉಳಿಯುತ್ತದೆ’ ಎನ್ನುತ್ತಾರೆ. ಅದೂ ಹಗುರವಾದ ವಾದವಲ್ಲ. ಆದ್ದರಿಂದ ಇದನ್ನು ಎಫ್‌ಐಆರ್ ರದ್ದತಿಗೆ ಹಾಕಬೇಡಿ, ಶಿಕ್ಷೆಯ ಹಂತಕ್ಕೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಕಾಯಿ ಮರದಿಂದ ಕೊಯ್ದದ್ದೋ, ಕೊಟ್ಟಿಗೆ ಅಥವಾ ಗೋದಾಮಿನಿಂದ ಒಯ್ದದ್ದೋ? ಮರದಲ್ಲಿರುವವರೆಗೆ ಅದು ಚರ ಸ್ವತ್ತಲ್ಲ, ಕೊಯ್ದ ಕೂಡಲೇ ಚರ ಸ್ವತ್ತಾಗುತ್ತದೆ, ಆ ಕೊಯ್ಲೇ ಕಳವಾಗಬಹುದು. ಅದು 379. ಮಾಲು ಇಡುವ ಕಟ್ಟಡದಿಂದ ಒಯ್ದಿದ್ದರೆ ಐಪಿಸಿ 380, ಏಳು ವರ್ಷದವರೆಗೆ. ಅದಕ್ಕೆ ಸಮನಾದ ಬಿಎನ್‌ಎಸ್ 305ರಲ್ಲಿ ಸಮುದಾಯ ಸೇವೆಯ ಪರಂತುಕವೇ ಇಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನೊಳಗಿನ ಬಲೆ ಕದ್ದರೂ ಇದೇ ತೊಡಕು, ಮಾಲು ಇಡುವ ಹಡಗು-ದೋಣಿಯೂ ಆ ಕಲಮಿನಲ್ಲಿದೆ. ಸ್ಥಳ ಪಂಚನಾಮೆ ಮೊದಲು ಓದಿ.

ಶಿರಸಿ ಜೂನಿಯರ್:
ಮರದಿಂದಲೇ ಕೊಯ್ದದ್ದು ಸರ್. ಹಾಗಾದರೆ ಪ್ರಕ್ರಿಯೆಯ ಕಾನೂನು ಯಾವಾಗಲೂ ಬಾಕಿ ಪ್ರಕರಣಕ್ಕೂ ತಗಲುತ್ತದೆ ಅಂದುಕೊಳ್ಳಬಹುದಾ?

ಕೋಡಿಬಾಗ ವಕೀಲ:
ಶಾಸನ ಸುಮ್ಮನಿದ್ದರೆ ಸಾಮಾನ್ಯವಾಗಿ ಹೌದು, ಪ್ರಕ್ರಿಯೆಯಲ್ಲಿ ಯಾರಿಗೂ ಹಕ್ಕು ಕೂಡಿಬಂದಿರುವುದಿಲ್ಲ. ಆದರೆ ಅಪೀಲು ಪ್ರಕ್ರಿಯೆಯಲ್ಲ, ಹಕ್ಕು. ದಾವೆ ಹೂಡಿದ ದಿನವೇ ಆ ಹಕ್ಕು ಹುಟ್ಟುತ್ತದೆ, ಸ್ಪಷ್ಟ ಮಾತಿಲ್ಲದೆ ಅಥವಾ ಅನಿವಾರ್ಯವಾಗಿ ಹೊರಡುವ ಅರ್ಥವಿಲ್ಲದೆ ಹೊಸ ಕಾನೂನು ಅದನ್ನು ಕಸಿಯಲಾರದು ಎಂದು 1957ರ ಗರಿಕಪಾಟಿ ವೀರಯ್ಯ ತೀರ್ಪು. ಕಾಲಮಿತಿ ನಡುವಿನದು: ಹೊಸ ಅವಧಿ ಅನ್ವಯಿಸಬಹುದು, ಆದರೆ ಹಳೆಯ ಅವಧಿ ಮುಗಿದು ಸತ್ತ ದಾವೆಯನ್ನು ಅದು ಬದುಕಿಸುವುದಿಲ್ಲ.

ನಿಮಗೆ ಈಗ ಬೇಕಾದ್ದು ಕಿಮ್ಮತ್ತು. 4,200 ಎಂದು ಯಾರು, ಯಾವ ದಿನದ ದರಕ್ಕೆ ಕಟ್ಟಿದರು? ಕಾಯಿ ಎಣಿಸಿ ಮುದ್ದೆಮಾಲು (ಜಪ್ತಾದ ವಸ್ತುಗಳ) ಪಟ್ಟಿಯಲ್ಲಿ ಸಂಖ್ಯೆ ಬರೆದಿದ್ದಾರೆಯೇ? ಮುಂದೆ ಯಾರಾದರೂ ಅದನ್ನು 5,200 ಮಾಡಿಬಿಟ್ಟರೆ ಪರಂತುಕದ ವಾದವೇ ಹೋಯ್ತು. ಆ ಪಟ್ಟಿಯ ದೃಢೀಕೃತ ನಕಲಿಗೆ ಇವತ್ತೇ ಅರ್ಜಿ ಹಾಕಿ.