ಕಾದಂಬರಿಯ ಶುರು: ಸಾವು ಮೊದಲಾ, ಊರು ಮೊದಲಾ? ಬರೆದವರು ಹೇಳಿ

ತಿಪಟೂರಿನವಳು
ತೆಂಗಿನ ತೋಟದ ಮನೆಯೊಂದರ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ 20 ಪುಟ ಊರು, ತೋಟ, ಕೊಬ್ಬರಿ ಹರಾಜು. ಆಮೇಲೆ ಅಜ್ಜ ಸಾಯುತ್ತಾರೆ. "ಸಾವನ್ನೇ ಮೊದಲ ಸಾಲಿಗೆ ತಾ" ಅಂತಾಳೆ ಗೆಳತಿ. ಏನು ಮಾಡಲಿ?

ಹಳೇ ಧಾರಾವಾಹಿ
ತನ್ನಿ, ಯೋಚನೆನೇ ಬೇಡ. ನನ್ನದು ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಮೊದಲ ಸಲ ಸಂಪಾದಕರು "ನಾಯಕಿ ಮೂರನೇ ಕಂತಿನ ತನಕ ಬಾಯೇ ಬಿಡಲ್ಲವಲ್ರೀ" ಅಂತ ವಾಪಸ್ ಕಳಿಸಿದ್ದರು. ಮಳೆಯ ವರ್ಣನೆ ಪೂರ್ತಿ ಕಿತ್ತುಹಾಕಿದೆ. ಅತ್ತೆ ಒಡವೆ ಡಬ್ಬಿ ತೆಗೆಯುತ್ತಾಳೆ, ಓಲೆ ಒಂದೇ ಇದೆ, ಜೋಡಿ ಇಲ್ಲ. ಅಲ್ಲಿಂದ ಶುರು. ಬಂದ ಪತ್ರಗಳೆಲ್ಲ ಆ ಓಲೆ ಬಗ್ಗೆನೇ! ಅನಂತಮೂರ್ತಿಯವರ 'ಸಂಸ್ಕಾರ'ವೂ ಸಾವಿನಿಂದಲೇ ಶುರು ಅಲ್ವಾ?

ಮಲೆನಾಡ ಮಾಣಿ
ಅಲ್ಲ ಸ್ವಾಮಿ, ಪುಸ್ತಕ ತೆಗೆದು ನೋಡಿ. ಮೊದಲು ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುತ್ತಾರೆ. ನಾರಣಪ್ಪ ಸತ್ತ ಸುದ್ದಿ ಆಮೇಲೆ. ದಿನಾ ತಪ್ಪದೆ ನಡೆಯುವ ಆ ಕೆಲಸ ನೋಡಿದ್ದಕ್ಕೇ ಸಾವು ಏನನ್ನು ಕೆಡಿಸಿತು ಅಂತ ಗೊತ್ತಾಗುವುದು. ಭೈರಪ್ಪನವರ ಮಹಾಭಾರತದ ಕಾದಂಬರಿ 'ಪರ್ವ' ಏನು ಬಾಣ ಬಿಡುವುದರಿಂದ ಶುರುವಾಗುತ್ತದಾ? ಮದ್ರ ದೇಶದ ಮುದುಕ ಶಲ್ಯನಿಂದ. ನಾನೂ ಅಡಿಕೆ ಕೊಯ್ಲಿನಿಂದಲೇ ಶುರು ಮಾಡಿದೆ, ಒಂದು ಸಾಲೂ ತೆಗೆಯಲಿಲ್ಲ. ಮೂವರು ಪ್ರಕಾಶಕರು ಬೇಡ ಅಂದರು. ಅನ್ನಲಿ.

ಹಳೇ ಧಾರಾವಾಹಿ
ಯಾಕೆ ಬೇಡ ಅಂದರು ಅಂತ ಕೇಳಿದಿರಾ? 'ಸಂಸ್ಕಾರ'ದಲ್ಲಿ ಸಾವಿನ ಸುದ್ದಿ ಬೇಗನೇ ಬಂತು. 20 ಪುಟ ಅಡಿಕೆ ಸುಲಿಯಲಿಲ್ಲ.

ಮಲೆನಾಡ ಮಾಣಿ
ಓಲೆ ಕಳೆದವರಿಗೆ ಅಡಿಕೆ ರುಚಿ ಹೇಗೆ ಗೊತ್ತಾಗಬೇಕು.

ಕೈಯಿಂದ ದುಡ್ಡು ಹಾಕಿದವ
ಸಾವೋ ಊರೋ, ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರಿಗೆ, ಕೊಡುವ ಮೊದಲೇ ತೀರ್ಮಾನ ಮಾಡಿ. ನಾನು 500 ಪ್ರತಿ ಹಾಕಿಸಿದೆ, ಡೆಮಿ 1/8 ಅಳತೆಯ ಪುಸ್ತಕ. ಕರಡು ತಿದ್ದಿ ಮುಗಿದ ಮೇಲೆ ನಮ್ಮ ಭಾವ ಓದಿ "ಶುರು ಸಪ್ಪೆ" ಅಂದರು. ಶುರುವಿಗೇ ಆರು ಪುಟ ಸೇರಿಸಿದೆ. ಅಚ್ಚಿನಲ್ಲಿ 16 ಪುಟಕ್ಕೆ ಒಂದು ಫಾರಂ. 192 ಪುಟ ಇದ್ದಾಗ ಲೆಕ್ಕ ಸರಿಯಾಗಿ 12 ಫಾರಂ. 198 ಆಯಿತು ನೋಡಿ, ಇನ್ನೊಂದು ಫಾರಂ, ಅದರಲ್ಲಿ 10 ಪುಟ ಖಾಲಿ! ಡಿಟಿಪಿಯವರು ಪುಟಕ್ಕೆ 30ರಂತೆ ಬಿಲ್ ಹಾಕಿದರು. ಬರೀ ಆರಕ್ಕಲ್ಲ, 198ಕ್ಕೂ. 5,940 ರೂಪಾಯಿ. ಪುಸ್ತಕದ ಬೆನ್ನು ದಪ್ಪ ಆಯಿತು ಅಂತ ಮುಖಪುಟವೂ ಹೊಸದು. ಭಾವ ಇವತ್ತಿಗೂ ಎರಡನೇ ಅಧ್ಯಾಯ ಓದಿಲ್ಲ.

ಅಕ್ಷರ ಜೋಡಣೆ
30 ಕಡಿಮೆನೇ ಆಯಿತು. ಶುರುವಿನಲ್ಲಿ ಆರು ಪುಟ ತುರುಕಿದರೆ ಆಮೇಲಿನ ಪುಟಸಂಖ್ಯೆ, ಅಧ್ಯಾಯದ ಪರಿವಿಡಿ ಎಲ್ಲ ಬದಲಾಗುತ್ತದೆ. ಅದರ ಮೇಲೆ ಯೂನಿಕೋಡ್‌ನಲ್ಲಿ ಕಳಿಸುತ್ತೀರಿ. ನಮ್ಮ 'ನುಡಿ' ಫಾಂಟಿಗೆ ಬದಲಾಯಿಸಿದರೆ ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಒಂದೊಂದೇ ಹುಡುಕಿ ಸರಿ ಮಾಡುವವರು ಯಾರು?

ಕೈಯಿಂದ ದುಡ್ಡು ಹಾಕಿದವ
ನೀವಿನ್ನೂ ಆ ಹಳೇ ಪೇಜ್‌ಮೇಕರ್ ಬಿಡದಿದ್ದರೆ ಅದಕ್ಕೆ ನಾನು ದಂಡ ಕಟ್ಟಬೇಕಾ?

ತಿಪಟೂರಿನವಳು
ಸರ್, ಅಜ್ಜನ ಸಾವಿನ ವಿಷಯ...

ಅಕ್ಷರ ಜೋಡಣೆ
ಇರಮ್ಮ, ಒಂದು ನಿಮಿಷ. ರೀ, ಹೊಸ ಸಾಫ್ಟ್‌ವೇರಿಗೆ ತಿಂಗಳು ತಿಂಗಳು ದುಡ್ಡು ನೀವು ಕೊಡ್ತೀರಾ?