ಓದುಗರ ಸ್ಪಂದನ: ರಾತ್ರಿ ಒಂಬತ್ತೂವರೆಯ ಮೀಟಿಂಗ್

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಪ್ರೋಗ್ರಾಮರ್ ಒಬ್ಬರು ತಮ್ಮ ಸಂಕಟ ತೋಡಿಕೊಂಡಿದ್ದರು. ಕ್ಯಾಲಿಫೋರ್ನಿಯಾದ ತಂಡದೊಂದಿಗೆ ಪ್ರತಿ ರಾತ್ರಿ ಮೀಟಿಂಗ್. ಶಿಕ್ಷಕಿಯಾಗಿರುವ ಹೆಂಡತಿ ಬೆಳಿಗ್ಗೆ ಐದೂವರೆಗೇ ಏಳಬೇಕು. ಇಬ್ಬರಿಗೂ ಮಾತಿಗೆ ಹೊತ್ತಿಲ್ಲ. ಬೇಸಿಗೆ ರಜೆಗೆ ಮಗಳೊಂದಿಗೆ ಹಾಸನದ ತವರಿಗೆ ಹೋಗುವುದಾಗಿ ಆಕೆ ಹೇಳಿದ್ದಾರೆ. ‘ನಾನು ಯಾರಿಗಾಗಿ ದುಡಿಯುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯುತ್ತಿಲ್ಲ’ ಎಂಬುದು ಅವರ ಅಳಲು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಕನಿಕರ. ನನ್ನ ಯಜಮಾನರೂ ಪ್ರೋಗ್ರಾಮರ್. ನಮ್ಮದು ಚಿಕ್ಕ ಮನೆ. ಅವರ ಮೀಟಿಂಗ್ ಶುರುವಾದರೆ ಕುಕ್ಕರ್ ಸೀಟಿ ಹೊಡೆಯುವಂತಿಲ್ಲ, ಮಿಕ್ಸಿ ಹಾಕುವಂತಿಲ್ಲ, ಮಗು ಅಳುವಂತಿಲ್ಲ. ನೆಂಟರು ಬಂದರೂ ಪಿಸುಮಾತೇ. ಮ್ಯೂಟ್ ಗುಂಡಿ ಇರುವುದು ಅವರ ಲ್ಯಾಪ್‌ಟಾಪ್‌ನಲ್ಲಿ, ಮ್ಯೂಟ್ ಆಗುವವರು ನಾವು! ಮನೆಯವರಿಗಾಗಿ ದುಡಿಯುತ್ತೀರಿ ಎಂಬುದು ನಿಮ್ಮ ಹೆಂಡತಿಗೆ ಗೊತ್ತಿಲ್ಲದೆ ಏನಿಲ್ಲ. ಆ ದುಡಿಮೆಗೆ ತಾನೂ ಸಂಬಳವಿಲ್ಲದೆ ಕೈಜೋಡಿಸಿದ್ದೇನೆ ಎಂಬುದನ್ನು ನೀವು ಕಂಡಿದ್ದೀರಾ ಎಂದು ಅವರು ಕಾಯುತ್ತಿರಬಹುದು. ಕಂಡಿದ್ದರೆ ಬಾಯಿಬಿಟ್ಟು ಹೇಳಿ. ಹೇಳಿದ ಕೂಡಲೇ ಪರಿಹಾರಗಳ ಪಟ್ಟಿ ಒಪ್ಪಿಸಬೇಡಿ. ನಿಮ್ಮ ಕಸುಬಿನವರಿಗೆ ಅದೊಂದು ಚಟ.
— ಓದುಗರೊಬ್ಬರು, ಮೈಸೂರು

ನಾನೂ ಇದೇ ಕಸುಬಿನವನು, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ಬೆಳಗಿನ ಎಂಟು ಗಂಟೆ ಬೇಸಿಗೆಯಲ್ಲಿ ನಮಗೆ ರಾತ್ರಿ ಎಂಟೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ ಅದೇ ಮೀಟಿಂಗ್ ಒಂಬತ್ತೂವರೆಗೆ ಜಾರುತ್ತದೆ, ಮಾರ್ಚ್ ಎರಡನೇ ಭಾನುವಾರದವರೆಗೂ ಹಾಗೆಯೇ. ಅವರ ದಿನಚರಿ ಒಂದಿಷ್ಟೂ ಕದಲುವುದಿಲ್ಲ. ಕದಲುವುದು ನಮ್ಮ ಊಟ, ನಮ್ಮ ನಿದ್ದೆ. ಇದನ್ನು ಮ್ಯಾನೇಜರ್ ಮುಂದೆ ಕಾಗದದ ಮೇಲೆ ಬರೆದು ತೋರಿಸಿ. ನಮ್ಮ ಬೆಳಿಗ್ಗೆ ಏಳೂವರೆ ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ, ಬೇಸಿಗೆಯಲ್ಲಿ ಏಳು, ಚಳಿಗಾಲದಲ್ಲಿ ಆರು. ಒಂದು ವಾರ ನಾವು ರಾತ್ರಿ ಕೂರೋಣ, ಇನ್ನೊಂದು ವಾರ ನೀವು ಸಂಜೆ ಕೂರಿ ಎಂದು ಕೇಳುವುದರಲ್ಲಿ ಅವಿಧೇಯತೆ ಏನೂ ಇಲ್ಲ. ಅಷ್ಟಕ್ಕೂ ಆ ಮೀಟಿಂಗ್‌ಗಳಲ್ಲಿ ಅರ್ಧಕ್ಕರ್ಧ ‘ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ’ ಎಂಬ ವರದಿ. ಸಂಜೆ ಎದ್ದು ಹೋಗುವ ಮೊದಲು ನಾಲ್ಕು ಸಾಲು ಬರೆದಿಟ್ಟರೆ ಅವರು ಎದ್ದ ಮೇಲೆ ಓದಿಕೊಳ್ಳುತ್ತಾರೆ. ಆನ್‌ಕಾಲ್, ಅಂದರೆ ಸರದಿಯಂತೆ ಬರುವ ತುರ್ತು ಕರೆಯ ವಾರ, ಮಾತ್ರ ತಪ್ಪುವುದಿಲ್ಲ. ನಡುರಾತ್ರಿ ಸರ್ವರ್ ಕೆಟ್ಟರೆ ಏಳಲೇಬೇಕು. ಆ ವಾರ ಯಾವುದೆಂದು ಮನೆಯವರಿಗೆ ಮೊದಲೇ ತಿಳಿದಿರಲಿ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅಲ್ಲೇ ಗುರುತು ಹಾಕಿ. ಶುಕ್ರವಾರ ಸಂಜೆ ಹೊಸ ಕೋಡ್ ಬಿಡುಗಡೆ ಮಾಡಿ, ಅದು ಕೈಕೊಟ್ಟು ಶನಿವಾರವನ್ನು ಹಾಳು ಮಾಡಿಕೊಳ್ಳಬೇಡಿ ಎಂದು ಬೇರೆ ಹೇಳಬೇಕಿಲ್ಲ.
— ಇನ್ನೊಬ್ಬ ಪ್ರೋಗ್ರಾಮರ್, ಬೆಂಗಳೂರು

ಗಂಡ ಹೆಂಡಿರೇ ಸರಿಪಡಿಸಿಕೊಳ್ಳಲಿ ಎನ್ನುವುದು ಸುಲಭ. ಫ್ರಾನ್ಸಿನಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ವೇಳೆಯ ಆಚೆಗಿನ ಸಂಪರ್ಕದ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸಬೇಕೆಂಬ ಕಾನೂನು 2017ರಿಂದಲೇ ಇದೆ. ಆಸ್ಟ್ರೇಲಿಯಾ 2024ರಲ್ಲಿ ಅಂಥ ಹೊತ್ತಿನ ಕರೆಗಳಿಗೆ ಉತ್ತರಿಸದಿರುವ ಹಕ್ಕು ಕೊಟ್ಟಿತು. ಅದೇ ವರ್ಷ ನಮ್ಮ ಕರ್ನಾಟಕದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದು, ನೌಕರರ ಸಂಘ ಅದನ್ನು ವಿರೋಧಿಸಬೇಕಾಯಿತು. ನಿಮ್ಮ ಮನೆಯ ಜಗಳದಲ್ಲಿ ಇದಕ್ಕೂ ಪಾಲಿದೆ. ಸಂಘದ ಸದಸ್ಯರಾಗಿದ್ದೀರಾ?
— ಓದುಗ, ಹುಬ್ಬಳ್ಳಿ

ನಾನು ನಿವೃತ್ತ, ಮಗ ನಿಮ್ಮಂತೆಯೇ ಕಂಪ್ಯೂಟರ್ ಮುಂದೆ ಕೂರುವವನು. ರಜೆಗೆ ಹೆಣ್ಣುಮಗಳು ತವರಿಗೆ ಹೊರಟರೆ ಅದನ್ನು ಬೆದರಿಕೆ ಎಂದು ಏಕೆ ತಿಳಿಯುತ್ತೀರಿ? ಹೋಗಿ ಬರಲಿ. ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ರೈಲಿದೆ. ಶನಿವಾರ ನೀವೂ ಹೊರಡಿ, ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ಹೊರಡುವ ಮುಂಚೆ ಮಗಳಿಗೆ ಏನು ತರಬೇಕೆಂದು ನೀವೇ ಫೋನ್ ಮಾಡಿ ಅವಳನ್ನು ಕೇಳಿ. ಅದನ್ನೂ ಹೆಂಡತಿಯ ಮೂಲಕ ಕೇಳಿಸಬೇಡಿ.
— ಹಿರಿಯ ಓದುಗ, ಅರಸೀಕೆರೆ